ಮೈಕಣ್ಣ ಹಾಡಿದ ಭಾನುವಾರ

ಅವನನ್ನು ಎಲ್ಲರೂ ಮೈಕಣ್ಣ ಎಂದೇ ಕರೆಯುತ್ತಿದ್ದರು. ವಾರವೆಲ್ಲ ಅಂಗಡಿಯಲ್ಲಿ ಸುಟ್ಟ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ. ಭಾನುವಾರ ಚರ್ಚಿನ ಮೈಕು ಅವನ ಉಸ್ತುವಾರಿ. ಹಿಂದಿನ ಮೂಲೆಯ ಮೇಜಿನ ಮುಂದೆ ಕೂತನೆಂದರೆ ಕಣ್ಣೆಲ್ಲ ಗುಂಡಿಗಳ ಮೇಲೆ, ಕಿವಿಯೆಲ್ಲ ಸ್ಪೀಕರಿನ ಮೇಲೆ. ಮನೆಗೆ ಬರುವಾಗ ಜೊತೆಗಿದ್ದ ಹೆಂಡತಿ, "ಇವತ್ತು ಪಾದ್ರಿ ಅಯ್ಯನೋರು ಪ್ರಸಂಗದಲ್ಲಿ ಏನು ಹೇಳಿದ್ರು?" ಎಂದರೆ, "ಚೆನ್ನಾಗಿ ಕೇಳಿಸ್ತು" ಎನ್ನುತ್ತಿದ್ದ.

"ಕೇಳಿಸಿದ್ದು ಕಿವಿಗೆ. ನಿಮಗೆ?"

ಅವನು ನಕ್ಕು ಮಾತು ಹಾರಿಸುತ್ತಿದ್ದ. ಪ್ರಾರ್ಥನೆಗೆಂದು ಕಣ್ಣು ಮುಚ್ಚಿ ಎಷ್ಟು ಕಾಲವಾಯಿತೋ ಅವನಿಗೇ ನೆನಪಿರಲಿಲ್ಲ. ಹಿಂದಿನ ವರ್ಷ ಅಂಗಡಿಯಲ್ಲಿ ಕರೆಂಟು ಹೊಡೆದು ಬಿದ್ದವನು ಬದುಕಿ ಎದ್ದಿದ್ದ. ಅದಕ್ಕೂ ದೇವರಿಗೆ ಒಂದು ಮಾತು ಹೇಳಿರಲಿಲ್ಲ.

ಒಂದು ಭಾನುವಾರ ಹಾಡಿನ ನಡುವೆಯೇ ಕರೆಂಟು ಹೋಯಿತು. ಮೈಕು, ಕೀಬೋರ್ಡು, ಫ್ಯಾನು ಎಲ್ಲ ಒಟ್ಟಿಗೆ ಗಪ್‌ಚುಪ್. ಮೈಕಣ್ಣ ದಡಬಡನೆ ಎದ್ದು ಫ್ಯೂಸು ನೋಡಿದ, ಹೊರಗೆ ಇಣುಕಿದ. ಇಡೀ ಬೀದಿಗೇ ಕರೆಂಟಿರಲಿಲ್ಲ. ಮಾಡಲು ಏನೂ ತೋಚದೆ ಬಾಗಿಲಲ್ಲೇ ನಿಂತ.

ಒಳಗೆ ಹಾಡು ನಿಂತಿರಲಿಲ್ಲ. ಅಜ್ಜಿಯೊಬ್ಬರು ತಾಳ ಬಿಟ್ಟು ಮುಂದೆ ಓಡುತ್ತಿದ್ದರು, ಗಂಡಸರು ಹಿಂದೆ ಎಳೆಯುತ್ತಿದ್ದರು. ತಪ್ಪು ಹುಡುಕಿಯೇ ಅಭ್ಯಾಸವಾದ ಅವನು ಮೊದಲು ಮುಖ ಸಿಂಡರಿಸಿದ. ಆಮೇಲೆ, 'ಕರುಣೆ' ಎಂಬ ಮಾತು ಬಂದಾಗ, ಕರೆಂಟು ಹೊಡೆದೂ ಬದುಕಿದ ದಿನ ನೆನಪಾಗಿ ಎದೆಯಲ್ಲಿ ಏನೋ ಕದಲಿತು. ಹೋಗಿ ಹೆಂಡತಿಯ ಪಕ್ಕ ನಿಂತು ಒಡಕು ದನಿಯಲ್ಲಿ ತಾನೂ ಹಾಡಿದ. ಕೆನ್ನೆ ಒದ್ದೆಯಾಗಿತ್ತು. ಅವಳು ಸೆರಗಿನ ತುದಿ ಕೊಟ್ಟಳು. ಸ್ವಲ್ಪ ಹೊತ್ತಿಗೆ ಫ್ಯಾನು ತಿರುಗತೊಡಗಿತು, ಆದರೆ ಮೈಕು ಹಾಕಲು ಅವನು ಹೋಗಲಿಲ್ಲ.

ಆರಾಧನೆ ಮುಗಿದ ಮೇಲೆ ಅಯ್ಯನವರು ಬಂದರು. "ಏನಪ್ಪಾ, ಕರೆಂಟ್ ಬಂದಿತ್ತಲ್ಲ? ನಾನು ಗಂಟಲು ಹರ್ಕೊಂಡೆ!"

"ಬಂದಿತ್ತು ಅಯ್ಯನೋರೇ. ಬೇಕಂತಲೇ ಮೈಕಿನ ಹತ್ರ ಹೋಗಲಿಲ್ಲ. ಎಲ್ಲರ ಪ್ರಾರ್ಥನೆ ದೊಡ್ಡದಾಗಿ ಕೇಳೋ ಹಾಗೆ ಮಾಡ್ತಾ ಮಾಡ್ತಾ ನಾನು ಪ್ರಾರ್ಥನೆ ಮಾಡೋದನ್ನೇ ಬಿಟ್ಟಿದ್ದೆ. ಇನ್ಮೇಲೆ ಮೊದಲೇ ಬಂದು ಎಲ್ಲ ಹೊಂದಿಸಿಟ್ಟು ಇವಳ ಪಕ್ಕ ಕೂರ್ತೀನಿ. ನಡುವೆ ಮೈಕು ಕಿರುಚಿದ್ರೆ ಜನ ಸ್ವಲ್ಪ ಸಹಿಸ್ಕೋಬೇಕು."

ಅಯ್ಯನವರು ಅವನ ಭುಜ ತಟ್ಟಿ ನಕ್ಕರು. "ನನ್ನ ಪ್ರಸಂಗ ಸಹಿಸ್ಕೊಳ್ಳೋ ಜನಕ್ಕೆ ಅದೇನು ಮಹಾ!"

ಅಂದಿನಿಂದ ಹಾಗೆಯೇ ನಡೆದಿದೆ. ಈಗೀಗ ಅಂಗಡಿಯಲ್ಲೂ ಹಾಡುತ್ತಾನೆ. ಪಕ್ಕದ ದರ್ಜಿ ಕತ್ತರಿ ನಿಲ್ಲಿಸಿ, "ಏನಯ್ಯಾ, ರಾಗ ಎತ್ತೆತ್ತಲೋ ಹೋಗ್ತಿದೆ!" ಎಂದು ರೇಗಿಸಿದರೆ, "ಹೋಗ್ಬೇಕಾದ ಕಡೆಗೇ ಹೋಗ್ತಿದೆ ಬಿಡೋ" ಎಂದು ತಂತಿ ಸುತ್ತುತ್ತ ಮುಂದಿನ ಚರಣ ಎತ್ತಿಕೊಳ್ಳುತ್ತಾನೆ.