ಪಿಕೋವಾಟಿನ ವರಪರೀಕ್ಷೆ

ಮೊನ್ನೆ ಇಂಟರ್ನೆಟ್ ಕೈಕೊಟ್ಟಿತೆಂದು ಪುಟ್ಟೇನಹಳ್ಳಿಯ ನಮ್ಮ ಮನೆಗೆ ರಿಪೇರಿಯವರು ಬಂದಿದ್ದರು. ಬೆಳಕು ಹರಿಯುವ ಕೂದಲೆಳೆಯಂಥ ತಂತಿಯನ್ನು ಅಂಗೈಯಗಲದ ಮೀಟರಿಗೆ ಸಿಕ್ಕಿಸಿ, "ಮೈನಸ್ ಮೂವತ್ತು ತೋರಿಸ್ತಿದೆ ಸಾರ್, ತುಂಬಾ ವೀಕು" ಎಂದರು.

"ಅಂದ್ರೆ ಒಂದು ಮೈಕ್ರೋವಾಟು. ಸೆಕೆಂಡಿಗೆ ಹತ್ತು ಎರ್ಗು" ಎಂದಿತು ನನ್ನ ಬಾಯಿ, ನನ್ನನ್ನು ಕೇಳದೆ.

"ಸೈಂಟಿಸ್ಟಾ ಸಾರ್ ನೀವು?"

ಎಲ್ಲಿಯ ಸೈಂಟಿಸ್ಟು! ನಾನು ಬ್ಯಾಂಕಿನಲ್ಲಿ ಸವೆದವನು. ಈ ವಿದ್ಯೆ ನನಗೆ ದಕ್ಕಿದ್ದು ಕೇಸರಿಬಾತಿನ ಜೊತೆಗೆ. ಹೇಗೆಂದು ಹೇಳುತ್ತೇನೆ, ಕೂತುಕೊಳ್ಳಿ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಜಯನಗರದಲ್ಲಿ ನಮ್ಮ ಚಿಕ್ಕಪ್ಪನ ಮನೆ. ಹುಡುಗಿ ನೋಡಲು ಯಾರಾದರೂ ಬಂದಾಗ ನಮ್ಮ ಕಡೆಯಿಂದ ಹಾಲಿನಲ್ಲಿ ಇರುತ್ತಿದ್ದವರು ಇಷ್ಟೇ ಜನ: ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳಿ ನಿವೃತ್ತರಾದ ಚಿಕ್ಕಪ್ಪ, ಬಂದವರಿಗೆ ಬಡಿಸಿ ಬಡಿಸಿ ಸೊಂಟ ಹಿಡಿದ ಚಿಕ್ಕಮ್ಮ, ಮೀಸೆ ಬಂದಿದೆ ಎಂಬ ಒಂದೇ ಅರ್ಹತೆಯಿಂದ 'ಹುಡುಗಿ ಕಡೆ ಗಂಡಸರು' ಎನಿಸಿಕೊಂಡ ನಾನು. ಅಡುಗೆಮನೆಯ ಬಾಗಿಲ ಹಿಂದೆ ಅವರ ಮಗಳು ಶೈಲಕ್ಕ. ಹುಡುಗಿ ನೋಡುವ ಶಾಸ್ತ್ರ ನಮ್ಮಲ್ಲಿ ಅದೆಷ್ಟು ಸಲ ನಡೆಯಿತೆಂದರೆ, ಬೀದಿಯ ನಾಯಿಗೂ ಕೇಸರಿಬಾತಿನ ವಾಸನೆ ಬೇಸರವಾಗಿತ್ತು.

ಶೈಲಕ್ಕನಿಗೆ ಒಂದು ಲ್ಯಾಬಿನಲ್ಲಿ ಕೆಲಸ. ಕಣ್ಣಿಗೆ ಕಾಣದಷ್ಟು ಮಿಣುಕು ಬೆಳಕನ್ನು ಅಳೆಯುವುದು. ಅದರ ಮಾತೆತ್ತಿದರೆ ಸಾಕು, ಮೈಕ್ರೋ, ನ್ಯಾನೋ, ಪಿಕೋ ಎಂದು ರೈಲು ಬಿಡುತ್ತಿದ್ದಳು. ಮದುವೆಯ ಮಾತೆತ್ತಿದರೆ ಮಾತ್ರ ಒಂದೇ ಪದ: "ನಿಮ್ಮಿಷ್ಟ." ಬಂದ ಹುಡುಗ ಹೇಗೆ? "ನಿಮ್ಮಿಷ್ಟ." ಕೆಲಸ ಬಿಡು ಎಂದರೆ? "ನಿಮ್ಮಿಷ್ಟ." ಚಿಕ್ಕಪ್ಪನಿಗೆ ಇದೇ ನುಂಗಲಾರದ ತುತ್ತು. "ಈ ಹುಡುಗಿ ಹಿಂಗೇ ನಿಮ್ಮಿಷ್ಟ ನಿಮ್ಮಿಷ್ಟ ಅಂತ ಯಾರಾದ್ರೂ ದಡ್ಡನ ಕೈಗೆ ಸಿಕ್ಕಿಬಿಡ್ತಾಳೆ ಕಣೋ" ಎಂದು ನನ್ನ ಹತ್ತಿರ ಗೋಳಾಡುತ್ತಿದ್ದರು.

ಅದಕ್ಕೆ ಅವರು ಕಂಡುಕೊಂಡ ಔಷಧಿಯೇ ಪ್ರಶ್ನೆ. ಹುಡುಗ ಮೊದಲ ತುತ್ತು ಬಾಯಿಗಿಟ್ಟ ಕೂಡಲೇ ಕೇಳುತ್ತಿದ್ದರು: "ಒಂದು ಪಿಕೋವಾಟ್ ಅಂದ್ರೆ ಸೆಕೆಂಡಿಗೆ ಎಷ್ಟು ಎರ್ಗ್?"

ಗಾಬರಿಯಾಗಬೇಡಿ, ನನ್ನಂಥವನಿಗೇ ಅರ್ಥವಾಗಿದೆ. ಬಲ್ಬಿನ ಮೇಲೆ ಬರೆದಿರುತ್ತದಲ್ಲ, ವಾಟು, ಅಂಥ ಒಂದು ವಾಟನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಪಿಕೋವಾಟ್. ಎರ್ಗ್ ಎನ್ನುವುದು ಚಿಕ್ಕಪ್ಪನ ಕಾಲದ ಅಳತೆ. ಸೆಕೆಂಡಿಗೆ ಒಂದು ಕೋಟಿ ಎರ್ಗ್ ಖರ್ಚಾದರೆ ಅದು ಒಂದು ವಾಟ್. ಅಷ್ಟೇ.

"ರೀ, ಪಾಪ, ತಿನ್ನೋಕೆ ಬಂದಿರೋ ಹುಡುಗನ ಗಂಟಲಿಗೆ ಎರ್ಗ್ ಯಾಕ್ರೀ ತುರುಕ್ತೀರಿ?" ಎಂದು ಚಿಕ್ಕಮ್ಮ ಬೇಡಿಕೊಳ್ಳುತ್ತಿದ್ದರು. ಒಬ್ಬ "ನಮ್ಮದು ಕಾಮರ್ಸು ಸಾರ್" ಎಂದು ಜಾರಿಕೊಂಡ. ಇನ್ನೊಬ್ಬ ಇಂಜಿನಿಯರು ಭಾಗಿಸುವಲ್ಲಿ ಗುಣಿಸಿ, ಹನುಮಂತನಗರಕ್ಕೆಲ್ಲ ದೀಪ ಹಚ್ಚುವಷ್ಟು ಶಕ್ತಿಯನ್ನು ಒಂದು ಪಿಕೋವಾಟಿನಿಂದ ಹಿಂಡಿ ತೆಗೆದ. ಚಿಕ್ಕಪ್ಪ ತಿದ್ದುವರು, ಬಂದವರು ಹೋಗುವರು, ಮಿಕ್ಕ ಬೋಂಡಾ ನನಗೆ.

ಹೀಗಿರುವಾಗ ಒಂದು ಭಾನುವಾರ ಪ್ರಲ್ಹಾದ ಬಂದ. ಗದಗಿನ ಕಡೆಯವನು, ಬಿಟಿಎಂ ಲೇಔಟಿನಲ್ಲಿ ಬಾಡಿಗೆ ರೂಮು, ಔಷಧಿ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ. ಜೊತೆಗೆ ಗಡಸು ದನಿಯ ಸೋದರಮಾವ. ಪ್ರಶ್ನೆ ಬಿತ್ತು. ಪ್ರಲ್ಹಾದ ಚಮಚ ಕೆಳಗಿಟ್ಟು, "ವಾಟ್ ಅಂದ್ರ ಕೋಟಿ ಎರ್ಗ್. ಪಿಕೋ ಅಂದ್ರ ಲಕ್ಷ ಕೋಟಿಯೊಳಗ ಒಂದು. ಕೋಟಿಗೆ ಕೋಟಿ ಹೊಡದ್ರ ಲಕ್ಷ ಉಳೀತು. ಎರ್ಗಿನ ಲಕ್ಷದಾಗ ಒಂದು ಪಾಲು ಆತ್ರಿ" ಎಂದ.

ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ. ಚಿಕ್ಕಪ್ಪ ಮಾತ್ರ ತಣ್ಣಗೆ, "ತಪ್ಪು. ಹತ್ತು ಲಕ್ಷದಲ್ಲಿ ಒಂದು" ಎಂದುಬಿಟ್ಟರು.

ಅಡುಗೆಮನೆಯಲ್ಲಿ ಲೋಟ ಸದ್ದಾಯಿತು. ಶೈಲಕ್ಕ, ತಲೆ ತಗ್ಗಿಸಿ ಕಾಫಿ ತರಬೇಕಾದವಳು, ಬರಿಗೈಯಲ್ಲೇ ದಾಪುಗಾಲು ಹಾಕಿ ಹೊರಗೆ ಬಂದಳು. "ಅಪ್ಪಾ, ಏನ್ ಹೇಳ್ತಿದೀರಾ? ಅವರು ಹೇಳಿದ್ದೇ ಸರಿ!"

ಸೋದರಮಾವ ತೊಡೆ ತಟ್ಟಿದ. "ಹಂಗಾರ ಹುಡುಗಿ ಒಪ್ಪಿದ್ಲು ಅಂತ ಆತಲ್ರಿ! ಸಕ್ರಿ ತಗೊಂಬರ್ರಿ!"

ಚಿಕ್ಕಮ್ಮ ಸಕ್ಕರೆ ಡಬ್ಬಿಗೆ ಓಡಿಯೂಬಿಟ್ಟರು. ಶೈಲಕ್ಕನ ಮುಖ ಕೆಂಪಾಯಿತು. "ನಾನು ಲೆಕ್ಕ ಸರಿ ಅಂದೆ. ಹುಡುಗ ಸರಿ ಅಂತ ನಾನಂದೆನಾ?"

ಒಂದು ಸೊನ್ನೆಯ ದೆಸೆಯಿಂದ ನಮ್ಮಕ್ಕನ ಮದುವೆ ಆಗಿಯೇಹೋಗುತ್ತದೋ, ಮುರಿದೇಹೋಗುತ್ತದೋ ಎಂದು ನಾನು ಬೋಂಡಾ ಹಿಡಿದ ಕೈಯನ್ನು ಗಾಳಿಯಲ್ಲೇ ಇಟ್ಟುಕೊಂಡು ಕೂತೆ.

ಪ್ರಲ್ಹಾದನೇ ಬಾಯಿ ಬಿಟ್ಟ. "ಮಾಮಾ, ಅವರು ಹೇಳೋದು ಖರೇ ಅದ. ಲೆಕ್ಕ ಅಷ್ಟ ಸರಿ ಅದ ಅಂದಾರ. ನನ್ನ ಬಗ್ಗೆ ಇನ್ನೂ ಏನೂ ಅಂದಿಲ್ಲ. ಸಕ್ರಿ ಈಗ ಬ್ಯಾಡ."

ಆಗ ಶೈಲಕ್ಕ ಅವನನ್ನು ಮೊದಲ ಸಲ ನೋಡಿದಳು. ನೋಡಿ, ಹಾಲಿನಲ್ಲೇ, ಎಲ್ಲರ ಎದುರೇ ಕೇಳಿದಳು: "ಮದುವೆ ಆದ್ಮೇಲೆ ಲ್ಯಾಬ್ ಬಿಡು ಅಂತೀರಾ?"

"ನಾನ್ಯಾಕ ಬಿಡಸ್ಲಿರಿ? ಲೆಕ್ಕ ತಪ್ಪಿದ ದಿನ ನೀವ ನನ್ನ ಬಿಡ್ತೀರೋ ಏನೋ ಅಂತ ನನಗ ಹೆದರಿಕಿ."

ಅವಳು ನಕ್ಕಳು. ಅವರು ಹೊರಟ ಮೇಲೆ ಚಿಕ್ಕಪ್ಪ ಎಂದಿನಂತೆ "ಏನಮ್ಮಾ?" ಎಂದರು. ನಾವು 'ನಿಮ್ಮಿಷ್ಟ'ಕ್ಕೆ ಸಿದ್ಧರಾದೆವು. "ಆಗ್ಲಿ ಅಪ್ಪ. ನಂಗಿಷ್ಟ ಆದ್ರು" ಎಂದಳು. ಚಿಕ್ಕಮ್ಮ ಇನ್ನೂ ಡಬ್ಬಿ ಹಿಡಿದೇ ನಿಂತಿದ್ದರು. ಸಕ್ಕರೆ ನಾವೇ ತಿಂದೆವು.

ಆಮೇಲೊಮ್ಮೆ ಚಿಕ್ಕಪ್ಪನನ್ನು ಹಿಡಿದುಕೊಂಡು ಕೇಳಿದೆ: "ಜೀವಮಾನವೆಲ್ಲ ಪಾಠ ಮಾಡಿದ್ದು ಅವತ್ತೊಂದೇ ದಿನ ಹೆಂಗೆ ತಪ್ಪಿದ್ರಿ?" ಕಾಫಿಯ ನೊರೆ ಊದುತ್ತಾ, "ವಯಸ್ಸಾಯ್ತಲ್ಲಪ್ಪ" ಎಂದರು. ಮುಖದಲ್ಲಿ ವಯಸ್ಸಾದ ಲಕ್ಷಣ ಏನೂ ಇರಲಿಲ್ಲ.

ಮೊನ್ನೆ ರಿಪೇರಿಯವರು ತಂತಿಯ ತುದಿ ಒರೆಸಿ ಮತ್ತೆ ಸಿಕ್ಕಿಸಿದಾಗ ಮೀಟರು ಮೈನಸ್ ಇಪ್ಪತ್ತು ತೋರಿಸಿತು. ಅವರು ಹೋದಮೇಲೆ ನಾನು ಶೈಲಕ್ಕನಿಗೆ ಫೋನ್ ಮಾಡಿ, ಸ್ವಲ್ಪ ಜಂಬದಿಂದಲೇ ಹೇಳಿದೆ: "ಅಕ್ಕಾ, ಮೀಟರು ಮೈನಸ್ ಮೂವತ್ತರಿಂದ ಮೈನಸ್ ಇಪ್ಪತ್ತಕ್ಕೆ ಏರಿತು. ಹತ್ತಿದ್ದದ್ದು, ನಮ್ಮನೆಗೆ ಈಗ ಸೆಕೆಂಡಿಗೆ ಇಪ್ಪತ್ತು ಎರ್ಗ್ ಬೆಳಕು ಬರ್ತಿದೆ."

ಅವಳ ಫೋನು ಸ್ಪೀಕರಿನಲ್ಲಿತ್ತೇನೋ, ಅವಳು ಉತ್ತರ ಕೊಡುವ ಮೊದಲೇ ಅವರ ಅಡುಗೆಮನೆಯಿಂದ, ಒಗ್ಗರಣೆಯ ಸದ್ದಿನ ನಡುವೆ, ಪ್ರಲ್ಹಾದ ಭಾವನ ದನಿ ಕೇಳಿಸಿತು. "ನೂರು ಅಂತ ಹೇಳ ಅವನಿಗೆ! ಆ ಮೀಟರಿನಾಗ ಹತ್ತು ಏರಿದ್ರ ಬೆಳಕು ಹತ್ತು ಪಟ್ಟು!"

"ಅವರು ಹೇಳಿದ್ದೇ ಸರಿ" ಎಂದಳು ಶೈಲಕ್ಕ.