ಕೊನೆಯ ಫೈಲ್ ತೆರೆದು ನೋಡುವವರು

ಪಾಂಡವಪುರದಲ್ಲಿ ನಮ್ಮ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದವರಿಗೆ ಒಂದು ಹ್ಯಾಬಿಟ್ ಇತ್ತು. ಏನೇ ಕಾಪಿ ಮಾಡಿದರೂ ಕೊನೆಯ ಫೈಲನ್ನು ತೆರೆದು ನೋಡದೆ ಕೈಗೆ ಕೊಡುತ್ತಿರಲಿಲ್ಲ. "ಮೊದಲ್ನೇದು ಎಲ್ಲಾರೂ ನೋಡ್ತಾರೆ, ಕಡೇದು ನೋಡ್ಬೇಕು ಕಣಮ್ಮ" ಎನ್ನುತ್ತಾ ಕನ್ನಡಕವನ್ನು ಹಣೆಗೇರಿಸಿ, ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗುತ್ತಿದ್ದರು.

ತೀರಿಕೊಂಡ ನನ್ನಕ್ಕನ ಮಾತಿನ ರೆಕಾರ್ಡಿಂಗುಗಳು ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಅವನ್ನೆಲ್ಲ ನಾನೇ ಒಂದು ಪೆನ್‌ಡ್ರೈವಿಗೆ ಹಾಕಿಕೊಂಡೆ. ಬೆಳ್ಳೂರು ಕ್ರಾಸಿನಲ್ಲಿ ಬಸ್ಸಿಗೆ ಕಾಯುವಾಗ ಕೊಂಡದ್ದು. ಲಿಪ್‌ಸ್ಟಿಕ್ಕಿನಷ್ಟು ಪುಟ್ಟದು, ಸೋ ಪ್ರೆಟಿ. ಆಮೇಲೆ ಎರಡನ್ನೂ ಅವರ ಮುಂದಿಟ್ಟು, ಕಂಪ್ಯೂಟರಿನಲ್ಲಿರುವುದನ್ನು ಅಳಿಸಿ ಯಾರಿಗಾದರೂ ಕೊಟ್ಟುಬಿಡಿ ಎಂದೆ.

ಅವರು ಪೆನ್‌ಡ್ರೈವಿನ ಕೊನೆಯ ಫೈಲ್ ಒತ್ತಿದರು. ಹೆಸರಿತ್ತು, ಸದ್ದಿರಲಿಲ್ಲ. ಅದರ ಹಿಂದಿನದೂ ಹಾಗೆಯೇ.

"ಡೂಪ್ಲಿಕೇಟು ಇದು. ಮೇಲೆ ಬರ್ದಿರೋ ಜಿಬೀಲಿ ಕಾಲ್ಭಾಗನೂ ಹಿಡ್ಸಾಕಿಲ್ಲ. ಹೆಸ್ರು ಮಾತ್ರ ತೋರುಸ್ತದೆ. ನಾನು ಅಳ್ಸ್‌ಬುಟ್ಟಿದ್ರೆ ಏನ್ ಮಾಡ್ತಿದ್ರಿ?"

ಅವರು ಇಟ್ಟಿಗೆಯಂತಹ ಒಂದು ಹಾರ್ಡ್‌ಡಿಸ್ಕ್ ತಂದು ವೈರು ಸಿಕ್ಕಿಸಿದರು. "ಚೆಂದಾಗಿಲ್ಲ ಬುಡಿ. ಆದ್ರೆ ಇಟ್ಟಿದ್ದು ಇಟ್ಟಂಗೇ ಇರ್ತದೆ."

ಕಾಪಿ ಮುಗಿದ ಮೇಲೆ ಕೊನೆಯದನ್ನು ಒತ್ತಿದರು. ಹುಣಸೆಹಣ್ಣಿಗೆ ಉಪ್ಪು ಸಾಲದೆಂದು ಅಕ್ಕ ನನ್ನನ್ನು ಗದರಿಸತೊಡಗಿದಳು. ಅಲ್ಲಿಗೆ ಚೆಕ್ ಮಾಡಿದಂತಾಯಿತು; ಆದರೂ ಅವರು ನಿಲ್ಲಿಸಲಿಲ್ಲ.

ಬಾಗಿಲಲ್ಲಿ ಕಾಯುತ್ತಿದ್ದ ಗಿರಾಕಿಗೆ ಪೇಷೆನ್ಸ್ ಮುಗಿಯಿತು. "ಕಾಪಿ ಆಯ್ತಲ್ಲಾ, ನಿಲ್ಸ್‌ಬುಟ್ಟು ನನ್ ಕೆಲ್ಸ ನೋಡ್ಲಾ."

ಅವರು ತಿರುಗಲೂ ಇಲ್ಲ. "ಸುಮ್ಕಿರ್ಲಾ, ಅವ್ರಕ್ಕ ಮಾತಾಡ್ತಾವ್ರೆ."