ಮೂರು ಗಾಲಿಯ ಗಾಡಿಗೆ ಏನು ಕಡಿಮೆ?

ಹೊಸ ಗಾಡಿ ಮನೆಗೆ ಬರುವ ದಿನ ನನ್ನ ಹೆಂಡತಿ ಗಿರಿಜ ಎರಡು ನಿಂಬೆಹಣ್ಣು ತೆಗೆದಿಟ್ಟಿದ್ದಳು. ಬೈಕಿಗೆ ಎರಡು, ಕಾರಿಗೆ ನಾಲ್ಕು; ಗಾಲಿಗೊಂದರಂತೆ ಇಟ್ಟು, ಗಾಡಿ ಮೊದಲ ಸಲ ಮುಂದಕ್ಕೆ ಹೊರಟಾಗ ಹಣ್ಣು ಪಚಕ್ಕನೆ ಒಡೆಯಬೇಕು, ಬಿದ್ದ ದೃಷ್ಟಿಯೆಲ್ಲ ಅಲ್ಲಿಗೆ ಇಳಿಯಬೇಕು. ಲಾರಿಯಿಂದ ಕೆಳಗಿಳಿದ ನನ್ನ ಗಾಡಿಗೋ ಮುಂದೆ ಎರಡು ಗಾಲಿ, ಹಿಂದೆ ಒಂದು. ಅವಳು ಅದರ ಸುತ್ತ ಒಮ್ಮೆ ನಡೆದು ನೋಡಿ, ಒಳಗೆ ಹೋಗಿ, ಉಪ್ಪಿನಕಾಯಿಗೆಂದು ಇಟ್ಟಿದ್ದರಲ್ಲಿ ಇನ್ನೊಂದನ್ನು ತಂದಳು. ಈ ಗಾಡಿಗೆ ಇನ್ನೂ ಏನೋ ಬೇಕು ಎಂಬ ಮಾತು ಶುರುವಾದದ್ದು ಅಲ್ಲಿಂದಲೇ ನೋಡಿ.

ದೂರದ ಊರುಗಳನ್ನು ಸುತ್ತಲೆಂದೇ ಮಾಡಿದ ಮೋಟಾರ್ ಸೈಕಲ್ ಇದು. ತಿರುವಿನಲ್ಲಿ ವಾಲುವುದಿಲ್ಲ, ಸಿಗ್ನಲ್ಲಿನಲ್ಲಿ ನಿಂತರೆ ನೆಲಕ್ಕೆ ಕಾಲು ಕೊಡಬೇಕಾಗಿಲ್ಲ. ಆದರೆ ದಾವಣಗೆರೆಯ ಅಂಚಿಗಿರುವ ಆವರಗೆರೆಯ ನಮ್ಮ ಬೀದಿಯ ಮಂದಿಗೆ ಇಷ್ಟು ಸಾಲದಾಯಿತು. ಎದುರುಮನೆಯವರು ಬಾಗಿಲಲ್ಲೇ ನಿಂತು, "ಆಟೋನ ಹಿಂದುಮುಂದು ಮಾಡಿದಂಗೈತಲ್ರಿ" ಎಂದರು. ಒಬ್ಬರಿಗೆ ಮುಂದಿನ ಗಾಜು ಗಿಡ್ಡವಾಗಿ ಕಂಡಿತು, ಇನ್ನೊಬ್ಬರಿಗೆ ಹಾರನ್ನಿನ ದನಿ ಕರುವಿನ ಕೂಗಿನಂತೆ ಕೇಳಿತು. ಮಂಜುದೀಪ ಇಲ್ಲದೆ ಘಾಟಿ ಹತ್ತಬಾರದೆಂದು ಉಪದೇಶ ಮಾಡಿದ ಪುಣ್ಯಾತ್ಮರು ಚಿತ್ರದುರ್ಗ ದಾಟಿ ಹೋದದ್ದನ್ನು ನಾನಂತೂ ಕಂಡಿಲ್ಲ. ಕೊಡುವವರಿಗೆ ಭಾರವಲ್ಲದ ದಾನವೆಂದರೆ ಸಲಹೆ ಒಂದೇ; ಬಂದದ್ದನ್ನೆಲ್ಲ ನಗುನಗುತ್ತಾ ಇಸಿದುಕೊಂಡೆ.

ನಾನು ಬಾಳಿನ ಬಹುಭಾಗ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕಳೆದವನು. ಹೊಸ ಸೀರೆ ಕೈಗೆ ಬಂದ ಕೂಡಲೇ ಹೆಂಗಸರು ಫಾಲ್ ಹಚ್ಚಬೇಕು, ಸೆರಗಿಗೆ ಕುಚ್ಚು ಕಟ್ಟಬೇಕು ಎಂದು ಹೊರಡುವುದನ್ನು ನಿತ್ಯ ಕಂಡಿದ್ದೇನೆ. ಫಾಲ್ ಸೀರೆಯ ಅಂಚನ್ನು ಕಾಯುತ್ತದೆ, ಅದು ಅವಶ್ಯ. ಕುಚ್ಚು ಏನನ್ನೂ ಕಾಯುವುದಿಲ್ಲ. ಆದರೂ ಅದನ್ನು ಕಟ್ಟಿಸದೆ ಸೀರೆ ತನ್ನದಾಯಿತು ಎಂದು ಯಾವ ಹೆಣ್ಣುಮಗಳಿಗೂ ಅನ್ನಿಸುವುದಿಲ್ಲ. ಅಂಗಡಿಯಲ್ಲಿ ನೂರು ಜನ ಮುಟ್ಟಿ ಮಡಚಿಟ್ಟ ವಸ್ತು ನಮ್ಮದಾಗಬೇಕಾದರೆ ನಮ್ಮ ಕೈಯ ಒಂದು ಗಂಟು ಅದಕ್ಕೆ ಬೀಳಬೇಕು. ಮನುಷ್ಯನ ಈ ಆಸೆಯನ್ನು ನಾನು ಹಾಸ್ಯ ಮಾಡಲಾರೆ, ಅದರ ಅನ್ನವನ್ನೇ ಉಂಡವನು ನಾನು. ಹೊಸ ಗಾಡಿಯ ವಿಷಯದಲ್ಲಿಯೂ ಕೇಳಿಕೊಳ್ಳಬೇಕಾದದ್ದು ಇಷ್ಟೇ: ಹಾಕಿಸಹೊರಟಿರುವುದು ಫಾಲೋ, ಕುಚ್ಚೋ?

ನನ್ನ ಮಟ್ಟಿಗೆ ಉತ್ತರ ಸಿದ್ಧವಾಗಿತ್ತು. ಗಾಜು ಬೇಡ, ದೀಪ ಬೇಡ, ಹಾಡಿನ ಪೆಟ್ಟಿಗೆಯಂತೂ ಬೇಡವೇ ಬೇಡ. ಬೇಕಾದದ್ದು ಒಂದೇ, ಹಿಂದಿನ ಸೀಟಿಗೆ ಬೆನ್ನೊರಗು. ಏಕೆಂದರೆ, ನಿಮ್ಮೊಡನೆ ಮುಚ್ಚುಮರೆ ಏಕೆ, ಮೊಣಕಾಲು ನೋವೆಂದು ಊರಿಗೆಲ್ಲ ಹೇಳಿಕೊಂಡು ನಾನು ಈ ಗಾಡಿ ತಂದದ್ದು ಗಿರಿಜ ಮತ್ತೆ ನನ್ನ ಹಿಂದೆ ಕೂರಲಿ ಎಂಬ ಒಂದೇ ಆಸೆಯಿಂದ. ವರ್ಷಗಳ ಹಿಂದೆ ಹರಿಹರದ ಹೊಳೆಯ ಸೇತುವೆಯ ಬಾಯಲ್ಲಿ, ಯಾರೋ ಲಾರಿಯವರು ಚೆಲ್ಲಿ ಹೋದ ಮರಳಿಗೆ ಬೈಕಿನ ಮುಂಗಾಲಿ ಸಿಕ್ಕಿ ಇಬ್ಬರೂ ಬಿದ್ದಿದ್ದೆವು. ನನಗೆ ತರಚಿತು, ಅವಳ ಮುಂಗೈ ಮುರಿಯಿತು. ಕೈ ಕೂಡಿಕೊಂಡಿತು, ಬೈಕು ಮಾತ್ರ ಅವಳಿಗೆ ಆಗಿಬರಲಿಲ್ಲ. ಅಲ್ಲಿಂದೀಚೆಗೆ ಅವಳು ಬಸ್ಸಿನಲ್ಲಿ, ನಾನು ಬೈಕಿನಲ್ಲಿ. ಜೋಗ ನೋಡಿದೆ, ಹಂಪಿ ನೋಡಿದೆ, ಕಾರವಾರದ ಕಡಲು ನೋಡಿದೆ. ಮನೆಗೆ ಬಂದು ವರ್ಣಿಸಿದರೆ ಅವಳು ಸೊಪ್ಪು ಸೋಸುತ್ತಾ "ಹೂಂ" ಎನ್ನುತ್ತಿದ್ದಳು. ಒಬ್ಬನೇ ನೋಡಿದ ಕಡಲು ಅರ್ಧ ಕಡಲು. ಆ ಅರ್ಧದ ಕೊರಗು ನನ್ನನ್ನು ಬಹಳ ಕಾಡಿದೆ.

ಇಷ್ಟು ಗೊತ್ತಿದ್ದವನು ಅವಳನ್ನೊಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ, ಬೆರಗುಗೊಳಿಸೋಣ ಎಂಬ ಹುಮ್ಮಸ್ಸು. ಕೆ.ಬಿ. ಬಡಾವಣೆಯಲ್ಲಿ ಗಾಡಿಗಳಿಗೆ ಸೀಟು, ಗಾರ್ಡು ಹಾಕುವ ಖಾಜಾಭಾಯಿ ನನ್ನ ಹಳೆಯ ಸ್ನೇಹಿತರು. "ಸಾವ್ಕಾರ್ರೆ, ಇಂಥಾ ಶಾನ್‌ದಾರ್ ಗಾಡಿನ ಬೋಳು ಬಿಟ್ರೆ ಹೆಂಗೆ? ನನ್ ಕೈಗೆ ಬಿಡ್ರಿ" ಎಂದರು. ಬಿಟ್ಟೆ. ಬೆನ್ನಿಗೆ ಮೆತ್ತೆ, ಎರಡೂ ಮಗ್ಗುಲಿಗೆ ಕೈಯಾನಿಕೆ, ಕಂದು ಬಣ್ಣದ ಹೊಲಿಗೆ. ಮದುವೆಮಂಟಪದ ಕುರ್ಚಿಗೂ ಆ ವೈಭವ ಇರಲಿಕ್ಕಿಲ್ಲ. ಮನೆಯ ಮುಂದೆ ತಂದು ನಿಲ್ಲಿಸಿ ಗಿರಿಜಳನ್ನು ಕರೆದೆ. ಅವಳು ಬಂದಳು, ಸೀರೆಯ ನಿರಿಗೆಯನ್ನು ಒಂದು ಕೈಯಲ್ಲಿ ಹಿಡಿದಳು, ಗಾಡಿಗೆ ಬೆನ್ನು ಮಾಡಿ ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂರಲು ಹೋದಳು. ಕೈಯಾನಿಕೆ ಸೊಂಟಕ್ಕೆ ತಾಗಿ ಅಡ್ಡ ನಿಂತಿತು. ಇನ್ನೊಂದು ಮಗ್ಗುಲಿಗೆ ಹೋಗಿ ನೋಡಿದಳು, ಅಲ್ಲೂ ಅದೇ ಅಡ್ಡಿ.

"ಚಂದ ಐತೆ. ಆದ್ರೆ ನಾನೆಲ್ಲಿ ಕೂಡ್ಲಿ?" ಎಂದಳು.

ಕಡರನಾಯಕನಹಳ್ಳಿಯ ತವರಿನಲ್ಲಿ ಅವಳ ಅವ್ವ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತದ್ದು ಹಾಗೆ, ಅಕ್ಕಂದಿರು ಲೂನಾದ ಮೇಲೆ ಕೂತದ್ದು ಹಾಗೆ, ಮದುವೆಯಾದ ಹೊಸತರಲ್ಲಿ ಇವಳು ನನ್ನ ಹಿಂದೆ ಕೂತದ್ದೂ ಹಾಗೆಯೇ. ಬದುಕೆಲ್ಲ ಸೀರೆ ಮಾರಿದವನಿಗೆ, ಸೀರೆ ಉಟ್ಟವರು ಗಾಡಿಯ ಮೇಲೆ ಹೇಗೆ ಕೂರುತ್ತಾರೆ ಎಂಬುದು ನೆನಪಾಗಲಿಲ್ಲವಲ್ಲ. ಮರುದಿನವೇ ಎಲ್ಲವನ್ನೂ ಬಿಚ್ಚಿಸಿದೆ. ಖಾಜಾಭಾಯಿಗೆ ಬೇಸರವಾಗಲಿಲ್ಲ. "ಹಂಗಾರೆ ಒಂದು ಕಡೆಗೆ ಕಾಲಿಡಾಕೆ ಅಗಲ ಪಾದಾನಿ ಹಾಕಾನ, ಗಾಲಿಗೆ ಸೀರೆ ಸಿಗದಂಗೆ ಜಾಲಿ ಹಾಕಾನ. ಅಕ್ಕಾರು ಆರಾಮ ಕೂಡ್ತಾರೆ" ಎಂದು ಅಳತೆಯ ಪಟ್ಟಿ ತೆಗೆದರು. ಅದು ಕುಚ್ಚಲ್ಲ, ಫಾಲ್‌ನಂಥ ಮಾತೇ. ಆದರೆ ಒಂದೇ ಕಡೆಗೆ ತಿರುಗಿ ಕೂತು ಕಾರವಾರದವರೆಗೆ ಹೋದರೆ ಅವಳ ಸೊಂಟ ಉಳಿಯುವುದಿಲ್ಲ. ಹಾಗೆಂದು ಕಾಲು ದಾಟಿಸಿ ಕೂರು ಎನ್ನಲು ನಾನು ಯಾರು? ಅದು ಅವಳ ಸೀರೆ, ಅವಳ ಸಂಕೋಚ, ಬಿದ್ದು ಮುರಿದದ್ದು ಅವಳ ಕೈ. ಪಟ್ಟಿ ಒಳಗಿಡಲು ಹೇಳಿದೆ. ಗಾಡಿಯನ್ನು ಮಾಡಿದವರು ಹೇಗೆ ಕಳಿಸಿದ್ದರೋ ಹಾಗೆಯೇ ಮನೆಗೆ ತಂದೆ. ಅವಳು ಒಮ್ಮೆಯೂ ಕೂರದ ಗಾಡಿಗೆ ಏನು ಕಡಿಮೆ ಎಂದು ಹೇಳಲು ನನಗಾಗಲೀ ಖಾಜಾಭಾಯಿಗಾಗಲೀ ಅಧಿಕಾರವಿಲ್ಲ ಎಂಬುದು ಆಗ ನನಗೆ ಖಚಿತವಾಗಿತ್ತು. ಈಗಲೂ ಖಚಿತ.

ಆ ಭಾನುವಾರ ಹರಿಹರದಲ್ಲಿರುವ ಅವಳ ತಂಗಿಯ ಮನೆಗೆ ಊಟಕ್ಕೆ ಹೊರಟೆವು. "ಸುಮ್ನೆ ಹರಿಹರ ತನಕ. ಭಯ ಆದ್ರೆ ಬಸ್ಸಿಗೆ ಬರ್ತೀನಿ" ಎಂಬ ಕರಾರಿನ ಮೇಲೆ ಅವಳು ಹೆಲ್ಮೆಟ್ ಹಾಕಿಕೊಂಡು, ಒಂದೇ ಬದಿಗೆ ಕಾಲು ಬಿಟ್ಟು ಕೂತಳು. ನನ್ನ ಭುಜದ ಮೇಲೆ ಕೈ ಬಿತ್ತು. ಹಿಡಿತವೆಂದರೆ ಅದು ಹಿಡಿತ, ಅಂಗಿಯೊಳಗೆ ಉಗುರು ಇಳಿಯುವಷ್ಟು. ತಗ್ಗು ಬಂದಾಗ, ಲಾರಿ ಪಕ್ಕಕ್ಕೆ ಬಂದಾಗ ಹಿಡಿತ ಬಿಗಿಯಾಗುತ್ತಿತ್ತು. ನಾನು ಎತ್ತಿನಗಾಡಿಯವರಿಗೂ ನಾಚಿಕೆಯಾಗುವಷ್ಟು ನಿಧಾನವಾಗಿ ಓಡಿಸಿದೆ. ಭುಜ ನೋಯುತ್ತಿತ್ತು, ಅಂಥ ಸುಖದ ನೋವನ್ನು ನಾನು ಉಂಡು ಬಹಳ ಕಾಲವಾಗಿತ್ತು.

ಊಟವಾಗಿ, ಎಲೆ ಅಡಿಕೆಯಾಗಿ, ನಾನು ಅಂಗಳದಲ್ಲಿ ಗಾಡಿ ತಿರುಗಿಸಿ ಕಾಯುತ್ತಿದ್ದೆ. ಒಳಗೆ ಅಕ್ಕತಂಗಿಯರ ನಗು ಕೇಳುತ್ತಿತ್ತು. ಬಸ್ಸಿಗೆ ಹೋಗುತ್ತಾಳೋ ಏನೋ ಎಂದು ಮನಸ್ಸು ಹೊಯ್ದಾಡಿದ್ದು ನಿಜ. ಗಿರಿಜ ಹೊರಗೆ ಬಂದಾಗ ಅವಳ ಮೈಮೇಲೆ ತಂಗಿಯ ಚೂಡಿದಾರವಿತ್ತು, ಸೀರೆ ಮಡಚಿ ಚೀಲದಲ್ಲಿತ್ತು. ನನ್ನ ಮುಖ ನೋಡದೆ ನೇರ ಬಂದು, ಭುಜಕ್ಕೆ ಕೈಕೊಟ್ಟು, ಕಾಲು ದಾಟಿಸಿ ಕೂತಳು.

"ಕಾಲಿಡಾಕೆ ಎರಡೂ ಕಡೆ ಕೊಟ್ಟಾರೆ. ಒಂದ್ಯಾಕ ಖಾಲಿ ಬಿಡ್ಲಿ" ಎಂದಳು. ನಾನು ದಾವಣಗೆರೆಯ ಕಡೆಗೆ ಹ್ಯಾಂಡಲ್ ತಿರುಗಿಸುವಷ್ಟರಲ್ಲಿ ಮತ್ತೆ ಅವಳ ದನಿ: "ಆ ಕಡೆ ಬ್ಯಾಡ. ಹೊಳೆ ಕಡೆ ನಡ್ರಿ."

ಹರಿಹರದ ಪೇಟೆ ದಾಟಿ ಸೇತುವೆಯ ಬಾಯಿಗೆ ಬಂದೆವು. ರಸ್ತೆಯ ಅಂಚಿನಲ್ಲಿ ಮರಳು ಅಂದಿನಂತೆಯೇ ಇತ್ತು. ನಾನು ವೇಗ ಇನ್ನಷ್ಟು ತಗ್ಗಿಸಿ ಗಾಡಿಯನ್ನು ಅದರಾಚೆ ದಾಟಿಸಿದೆ. ಸೇತುವೆಯ ನಡುವೆ ಬಂದಾಗ ನನ್ನ ಭುಜ ಇದ್ದಕ್ಕಿದ್ದಂತೆ ಹಗುರಾಯಿತು. ಕನ್ನಡಿಯಲ್ಲಿ ನೋಡಿದರೆ ಅವಳು ಎರಡೂ ಕೈ ಬಿಟ್ಟು, ಒಂದರಲ್ಲಿ ಹೆಲ್ಮೆಟ್ಟಿನ ಗಾಜು ಎತ್ತಿ, ಇನ್ನೊಂದನ್ನು ಹೊಳೆಯ ಕಡೆಗೆ ಚಾಚಿದ್ದಳು.

"ನೀರು ನೋಡ್ರಿ, ಎಷ್ಟು ಬಂದೈತೆ."

ಗಾಡಿ ಓಡಿಸುವವನು ಹೊಳೆ ನೋಡುವ ಹಾಗಿಲ್ಲ. "ನೀನೇ ನೋಡಿ ಹೇಳು" ಎಂದೆ. ನೀರಿನ ಬಣ್ಣ ಹೇಳಿದಳು, ಮೆಟ್ಟಿಲ ಮೇಲೆ ಬಟ್ಟೆ ಒಗೆಯುವವರನ್ನು ಹೇಳಿದಳು, ಬಂಡೆಯ ಮೇಲೆ ಕೂತ ಕೊಕ್ಕರೆಯನ್ನು ಹೇಳಿದಳು. ನಾನು ರಸ್ತೆಯ ಮೇಲೆ ಕಣ್ಣಿಟ್ಟು "ಹೂಂ" ಎನ್ನುತ್ತಾ ಹೋದೆ.